ವಯೋವೃದ್ಧರಲ್ಲಿ ಬೊಜ್ಜು ಮತ್ತು ಅನುವಂಶೀಯತೆ

ಬೊಜ್ಜು ಮನೆತನದಿಂದ ಬಂದದ್ದು, ಅದಕ್ಕೆ ಉಪಾಯವಿಲ್ಲವೆಂದು ಭಾವಿಸಿ ವಯೋವೃದ್ಧರು ತಪಾಸಣೆಯಿಂದ ದೂರ ಉಳಿಯಬಾರದು. ಈ ಭಾವನೆ ಅರ್ಧ ಸತ್ಯ ಮಾತ್ರ.

ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ವ್ಯಕ್ತಿಗಳ ನಡುವಿನ ದೇಹತೂಕದ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ. 40ರಿಂದ 70ರಷ್ಟು. 2007ರಲ್ಲಿ ಬೊಜ್ಜಿನೊಂದಿಗೆ ಸಂಬಂಧ ಗುರುತಿಸಲಾದ ಎಫ್‌ಟಿಒ ವಂಶವಾಹಿಯ ಒಂದು ರೂಪವು ಹಸಿವನ್ನು ಹೆಚ್ಚಿಸುತ್ತದೆ. ಆದರೆ ದೈಹಿಕ ಚಟುವಟಿಕೆಯುಳ್ಳವರಲ್ಲಿ ಇದರ ಪರಿಣಾಮ ಕಡಿಮೆಯೆಂದು 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ತಿಳಿಸಿದೆ.

ವಯಸ್ಸಾದಂತೆ ಸ್ನಾಯು ಕ್ಷೀಣಿಸಿ, ಹೊಟ್ಟೆಯ ಭಾಗದಲ್ಲಿ ಕೊಬ್ಬು ಶೇಖರವಾಗುತ್ತದೆ. ಗಲಗಲಿ, ಮುಧೋಳ, ರಬಕವಿ-ಬನಹಟ್ಟಿ ಮೊದಲಾದ ಕಡೆಗಳಲ್ಲಿ ಹೊಲದ ಅಥವಾ ಮಗ್ಗದ ಕೆಲಸ ಬಿಟ್ಟ ಹಿರಿಯರ ಊಟ ಮೊದಲಿನಂತೆಯೇ ಮುಂದುವರಿದರೆ ಈ ಬದಲಾವಣೆ ತ್ವರಿತಗೊಳ್ಳುತ್ತದೆ. ತೂಕ ಮಾತ್ರ ಹಾಗೆಯೇ ಇರಬಹುದು. ಆದುದರಿಂದ ಸೊಂಟದ ಸುತ್ತಳತೆಯನ್ನೂ ನೋಡಬೇಕು. ಭಾರತೀಯ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದರೆ ಮಧುಮೇಹ, ಹೃದ್ರೋಗಗಳ ಸಂಭವ ಹೆಚ್ಚು.

ಉಪವಾಸದಿಂದ ತೂಕ ಇಳಿಸಿದರೆ ಸ್ನಾಯುವೂ ನಷ್ಟವಾಗುತ್ತದೆ. ಜೋಳದ ರೊಟ್ಟಿಯೊಡನೆ ಕಾಳುಪಲ್ಯ, ಮೊಸರು ಇರಲಿ. ಪ್ರತಿದಿನ ನಡಿಗೆ, ಕುಳಿತು ಏಳುವ ವ್ಯಾಯಾಮ ಅವಶ್ಯಕ. ಮೂತ್ರಪಿಂಡದ ಕಾಯಿಲೆಯುಳ್ಳವರು ಆಹಾರ ಬದಲಿಸುವ ಮುನ್ನ ವೈದ್ಯರ ಸಲಹೆ ಪಡೆಯತಕ್ಕದ್ದು.

ಇದಕ್ಕೆ ವಂಶವಾಹಿ ಪರೀಕ್ಷೆಯ ಅಗತ್ಯವಿಲ್ಲ. 30 ವರ್ಷ ಮೇಲ್ಪಟ್ಟವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಹಾಗೂ ಮಧುಮೇಹದ ತಪಾಸಣೆ ಉಚಿತ. ಕುಟುಂಬದಲ್ಲಿ ಬೊಜ್ಜು, ಮಧುಮೇಹ ಇರುವವರು ಅದನ್ನು ವೈದ್ಯರಿಗೆ ತಿಳಿಸಿ ಈ ಸೇವೆಯ ಸದುಪಯೋಗ ಪಡೆಯಲು ಕೋರಲಾಗಿದೆ.