ಸೌರ ರೇಡಿಯೋ ದತ್ತಾಂಶಗಳ ಅಧ್ಯಯನಕ್ಕೆ ಗಣಕಯಂತ್ರವನ್ನು ಅಣಿಗೊಳಿಸುವ ಕ್ರಮ

ಅಲೀಪುರವನ್ನೊಳಗೊಂಡ ಗೌರಿಬಿದನೂರು ತಾಲ್ಲೂಕಿನಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಹಾಗೂ ರಾಮನ್ ಸಂಶೋಧನಾ ಸಂಸ್ಥೆಗಳು ಜಂಟಿಯಾಗಿ ಸ್ಥಾಪಿಸಿದ ರೇಡಿಯೋ ವೀಕ್ಷಣಾಲಯವಿರುವುದು ವಾಚಕರಿಗೆ ವಿದಿತವೇ ಆಗಿದೆ. 1976ರಷ್ಟು ಹಿಂದೆಯೇ ಅಲ್ಲಿ 34.5 ಮೆಗಾಹರ್ಟ್ಸ್ ಆವರ್ತದ ವೀಕ್ಷಣೆಗಳು ಮೊದಲಾದವು. 1997ರಲ್ಲಿ ಸೂರ್ಯನ ಅಧ್ಯಯನಕ್ಕೆಂದೇ ರೇಡಿಯೋಹೀಲಿಯೋಗ್ರಾಫ್ ಸಿದ್ಧವಾಯಿತು. ಸ್ವಿಟ್ಜರ್ಲೆಂಡಿನ ಜೂರಿಚ್‌ನಲ್ಲಿ ರೂಪುಗೊಂಡ ‘ಕ್ಯಾಲಿಸ್ಟೋ’ ಎಂಬ ರೋಹಿತಮಾಪಕವೂ ಇಲ್ಲಿ ಕಾರ್ಯ ಮಾಡಿದೆ. ಅದರ ದಾಖಲೆಗಳು ಯಾರಿಗಾದರೂ ಉಚಿತವಾಗಿ ಲಭ್ಯ. ಆದರೆ ನಮ್ಮ ನೆಲದ ಮೇಲೆ ಸಂಗ್ರಹವಾದ ಈ ಸಂಪತ್ತನ್ನು ನಮ್ಮ ವಿದ್ಯಾರ್ಥಿಗಳೇ ಓದಲಾರದೆ ಹೋದರೆ ಅದು ಪರರಿಗೆ ಮಾತ್ರ ಉಪಯುಕ್ತವಾದೀತು. ಆದುದರಿಂದ ಇದಕ್ಕೆ ಬೇಕಾದ ಸಾಧನಗಳನ್ನು ಸಜ್ಜುಗೊಳಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಈ ದಾಖಲೆಗಳು 1981ರಲ್ಲಿ ಪ್ರಕಟವಾದ ‘ಫಿಟ್ಸ್’ ಎಂಬ ಪದ್ಧತಿಯಲ್ಲಿವೆ. ಇವನ್ನು ಓದಲು ಪೈಥಾನ್ ಭಾಷೆಯ ‘ಆಸ್ಟ್ರೋಪೈ’ ಎಂಬ ಮುಕ್ತ ಸಂಚಯವು ನೆರವಾಗುತ್ತದೆ. 2011ರಲ್ಲಿ ಆರಂಭವಾದ ಈ ಸಂಚಯದ ಮೂಲಲಿಪಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು, ತಿದ್ದಬಹುದು. ಇದು ಅಂಕಗಣಿತದ ಕಾರ್ಯಕ್ಕೆ ‘ನಂಪೈ’ಯನ್ನು ಅವಲಂಬಿಸಿದೆ, ನಕ್ಷೆ ಬರೆಯಲು ‘ಮ್ಯಾಟ್‌ಪ್ಲಾಟ್‌ಲಿಬ್’ ಬೇಕು.

ಮೊದಲು ಪೈಥಾನನ್ನು ಸ್ಥಾಪಿಸಬೇಕು. ಅನಂತರ ಅದರೊಡನೆಯೇ ಬರುವ ‘ವೆನ್ವ್’ ಸಾಧನದಿಂದ ಈ ಅಧ್ಯಯನಕ್ಕೆಂದೇ ಒಂದು ಪ್ರತ್ಯೇಕ ಪರಿಸರವನ್ನು ನಿರ್ಮಿಸತಕ್ಕದ್ದು. ಒಂದು ಕಾರ್ಯಕ್ಕೆ ನಂಪೈಯ ಹಳೆಯ ಆವೃತ್ತಿಯೂ ಮತ್ತೊಂದಕ್ಕೆ ಹೊಸದೂ ಬೇಕಾದಾಗ, ಎರಡೂ ಒಂದೆಡೆ ಸೇರಿದರೆ ತೊಡಕುಂಟಾಗುವುದೇ ಇದಕ್ಕೆ ಕಾರಣ. ಪರಿಸರವನ್ನು ಸಕ್ರಿಯಗೊಳಿಸಿ, ‘ಪಿಪ್’ ಮುಖಾಂತರ ಆಸ್ಟ್ರೋಪೈ, ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ‘ಜುಪಿಟರ್’ ಟಿಪ್ಪಣಿಪುಸ್ತಕಗಳನ್ನು ತರಿಸಬೇಕು. ನಂಪೈ ತಾನಾಗಿಯೇ ಬರುತ್ತದೆ. ಜುಪಿಟರ್ ಬೇರೊಂದು ಪರಿಸರಕ್ಕೆ ಸೇರಿದ್ದರೆ, ಸ್ಥಾಪಿಸಿದ ಸಂಚಯವೂ ಕಾಣುತ್ತಿಲ್ಲವೆಂಬ ಸೂಚನೆ ಬರುವುದುಂಟು.

ಅಂತರ್ಜಾಲ ಸೌಕರ್ಯ ದುರ್ಬಲವಾದ ಊರುಗಳಲ್ಲಿ, ಒಂದೆಡೆ ಈ ಕಟ್ಟುಗಳನ್ನೆಲ್ಲ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ದು ಸ್ಥಾಪಿಸಬಹುದು. ಆದರೆ ಎರಡೂ ಯಂತ್ರಗಳ ಕಾರ್ಯಾಚರಣ ವ್ಯವಸ್ಥೆ ಮತ್ತು ಪೈಥಾನ್ ಆವೃತ್ತಿ ಒಂದೇ ಆಗಿರಬೇಕು.

ಸ್ಥಾಪನೆ ಸರಿಯಾಗಿದೆಯೆಂಬುದನ್ನು ದಾಖಲೆಯೊಂದನ್ನು ತೆರೆದೇ ನಿಶ್ಚಯಿಸಬೇಕು. ಕ್ಯಾಲಿಸ್ಟೋವಿನ ಒಂದು ದಾಖಲೆಯು ಸಾಮಾನ್ಯವಾಗಿ 15 ನಿಮಿಷಗಳದು. ಸೆಕೆಂಡಿಗೆ 4 ಅಳತೆಗಳಂತೆ 3600 ಕಂಬಸಾಲುಗಳೂ 200 ಆವರ್ತಗಳ ಅಡ್ಡಸಾಲುಗಳೂ ಅದರಲ್ಲಿರುತ್ತವೆ. ಈ ಸಂಖ್ಯೆಗಳು ದೊರೆತರೆ ಓದುವಿಕೆ ಸರಿಯೆನ್ನಬಹುದು. ಅದರಲ್ಲಿನ ಕಾಲವು ವಿಶ್ವಕಾಲ. ಭಾರತೀಯ ಕಾಲಕ್ಕಾಗಿ 5 ಗಂಟೆ 30 ನಿಮಿಷಗಳನ್ನು ಕೂಡಿಸಬೇಕು. ಸೂರ್ಯನಿಂದ ಹೊರಟ ಕ್ಷೋಭೆಯು ಮೇಲೇರಿದಂತೆ ಅಲ್ಲಿನ ಇಲೆಕ್ಟ್ರಾನುಗಳ ಸಾಂದ್ರತೆ ತಗ್ಗುವುದರಿಂದ, ನಕ್ಷೆಯಲ್ಲಿ ಸ್ಫೋಟದ ಗೆರೆ ಕಾಲಕ್ರಮದಲ್ಲಿ ಕಡಿಮೆ ಆವರ್ತದತ್ತ ಸರಿಯುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಸರಿದರೆ ಅದು ವೇಗವಾದ ಇಲೆಕ್ಟ್ರಾನು ಪ್ರವಾಹದ ಕುರುಹು. ನಿಮಿಷಗಟ್ಟಲೆ ಸರಿದರೆ ಆಘಾತ ತರಂಗದ್ದು.

ಕಡೆಯದಾಗಿ, ಬಳಸಿದ ಎಲ್ಲ ಸಂಚಯಗಳ ಆವೃತ್ತಿಗಳನ್ನು ಪಟ್ಟಿಮಾಡಿ ಫಲಿತಾಂಶದೊಡನೆ ಇರಿಸತಕ್ಕದ್ದು. ಮುಂದೆ ಮತ್ತೊಬ್ಬನು ಅದೇ ದಾಖಲೆಯಿಂದ ಅದೇ ಫಲವನ್ನು ಪಡೆಯಬಲ್ಲನಾದರೆ ಮಾತ್ರ ನಮ್ಮ ಕಾರ್ಯಕ್ಕೆ ಸಂಶೋಧನೆಯೆಂಬ ಹೆಸರು ಸಲ್ಲುತ್ತದೆ.