ಒಂದೂವರೆ ಮಿಲಿಮೀಟರಿನ ಎಚ್ಚರಿಕೆ

ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಹುಮನಾಬಾದಿನಲ್ಲಿ, ನೆರೆಯ ಬಸವಕಲ್ಯಾಣದಲ್ಲಿ ಕನ್ನಡದ ಜತೆ ಮರಾಠಿ, ಉರ್ದು, ತೆಲುಗೂ ಕಿವಿಗೆ ಬೀಳುತ್ತವೆ. ಮದ್ಯದ ಮೇಲೆ ಕಡ್ಡಾಯವಾದ ಎಚ್ಚರಿಕೆ ಮಾತ್ರ ಇಂಗ್ಲಿಷಿನದು.

2019ರ ಏಪ್ರಿಲ್ 1ರಿಂದ ಜಾರಿಯಾದ ಆಹಾರ ಸುರಕ್ಷತಾ ನಿಯಮದಂತೆ, ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂಬರ್ಥದ ಸಾಲು ಕಡ್ಡಾಯ. ಸ್ಥಳೀಯ ಭಾಷೆ ಬಳಸುವುದು ರಾಜ್ಯದ ಇಚ್ಛೆ. 200 ಮಿಲಿಲೀಟರ್‌ವರೆಗಿನ ಪೊಟ್ಟಣದಲ್ಲಿ ಅಕ್ಷರದ ಎತ್ತರ 1.5 ಮಿಲಿಮೀಟರ್ ಇದ್ದರೆ ಸಾಕು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತ ಮೇಲೆ ಕೂಲಿಕಾರರ ಕೈ ಸೇರಿದ್ದು 90, 180 ಮಿಲಿಲೀಟರಿನ ಇಂಥ ಅಗ್ಗದ ಪೊಟ್ಟಣಗಳೇ. ಎಚ್ಚರಿಕೆ ಹೆಚ್ಚು ಬೇಕಾದವರಿಗೇ ಅಕ್ಷರ ಅತಿ ಚಿಕ್ಕದು. ಇದು ಅನ್ಯಾಯ.

ಸಿಗರೇಟು ಪೊಟ್ಟಣದ ಮುಖ್ಯ ಬದಿಗಳ ಶೇ 85 ಭಾಗ ಚಿತ್ರಸಹಿತ ಎಚ್ಚರಿಕೆಗೆ ಮೀಸಲು. ಓದು ಬಾರದವರಿಗೂ ಅದು ಮುಟ್ಟುತ್ತದೆ. ಮದ್ಯಕ್ಕೂ ಚಿತ್ರ, ದೊಡ್ಡ ಕನ್ನಡ ಅಕ್ಷರ ಬೇಕು. ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರಿದ್ದು 1988ರಲ್ಲಿ. ಆ ಮಾತನ್ನು ಬಾಟಲಿಯ ಮೇಲೆಯೇ ಬರೆಸುವ ನಿಯಮಕ್ಕೆ ಐರ್ಲೆಂಡ್ 2023ರಲ್ಲಿ ಸಹಿ ಹಾಕಿತು.