ಪೆಟ್ಟಿಗೆ ಕೆಟ್ಟರೆ ಫೋಟೊ ಹೋದಂತಲ್ಲ

ಹುಣ್ಣಿಮೆ ದಿನ ಕೊಪ್ಪಳ ಜಿಲ್ಲೆಯ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಬರುವವರಲ್ಲಿ ಹರಕೆ ತೀರಿಸುವವರು, ಮಗುವಿನ ಜವಳ ತೆಗೆಸುವವರು ಎಲ್ಲರೂ ಇರುತ್ತಾರೆ. ಆ ಊರಲ್ಲೊಂದು ಫೋಟೊ ಸ್ಟುಡಿಯೊ ಇದೆ ಎಂದುಕೊಳ್ಳಿ. ಜವಳ, ಕುಬಸ, ಮದುವೆ ಅಂತ ಹತ್ತು ವರ್ಷ ತೆಗೆದ ಫೋಟೊ, ವಿಡಿಯೊ ಎಲ್ಲ ಮೂಲೆಯಲ್ಲಿಟ್ಟ ಒಂದು ಕರಿ ಪೆಟ್ಟಿಗೆಯಲ್ಲಿವೆ. ಅದರೊಳಗೆ 4 ಟಿಬಿಯ ನಾಲ್ಕು ಹಾರ್ಡ್‌ಡಿಸ್ಕ್, ಹಿಂದುಗಡೆ ರೂಟರಿಗೆ ಹೋಗುವ ಒಂದು ಕೇಬಲ್. ಅಂಗಡಿಯ ಎಲ್ಲ ಕಂಪ್ಯೂಟರುಗಳೂ ಅದರಿಂದಲೇ ಫೈಲು ತೆಗೆದುಕೊಳ್ಳುತ್ತವೆ. ಇದಕ್ಕೆ ನಾಸ್ ಎಂದು ಹೆಸರು. ಮೇ ತಿಂಗಳ ಒಂದು ಬೆಳಗ್ಗೆ ಕರೆಂಟು ಹೋಗಿ ಬಂತು. ಪೆಟ್ಟಿಗೆಯ ನೀಲಿ ದೀಪ ಮಿಣುಕುತ್ತಿದೆ, ಆದರೆ ಯಂತ್ರ ಏಳುತ್ತಿಲ್ಲ.

ಇಂಥ ಹೊತ್ತಿನಲ್ಲಿ ಡೇಟಾ ಕಳೆದುಹೋಗುವುದು ಎಷ್ಟೋ ಸಲ ಯಂತ್ರ ಕೆಟ್ಟದ್ದರಿಂದಲ್ಲ. ಆಮೇಲಿನ ಒಂದು ಗಂಟೆ ಕೈ ಸುಮ್ಮನಿರದೆ ಏನೇನೋ ಒತ್ತಿದ್ದರಿಂದ. ನಾಸ್ ಎಂದರೆ ಒಂದು ಪುಟ್ಟ ಕಂಪ್ಯೂಟರು ಮತ್ತು ಕೆಲವು ಡಿಸ್ಕುಗಳು. ಕಂಪ್ಯೂಟರು ಸತ್ತಿದ್ದರೂ ಡಿಸ್ಕುಗಳು ಗಟ್ಟಿಮುಟ್ಟಾಗಿರಬಹುದು. ಮೊದಲು ತಿಳಿಯಬೇಕಾದದ್ದು ಸತ್ತದ್ದು ಯಾವುದು ಎಂಬುದನ್ನು.

ಅನುಮಾನ ಮೊದಲು ಅಡಾಪ್ಟರಿನ ಮೇಲೆ. ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ 8 ಆಂಪಿಯರ್. ಹಳೆಯ ಅಡಾಪ್ಟರಿಗೆ ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 12 ವೋಲ್ಟ್ ತೋರಿಸುತ್ತದೆ. ಹೊರೆ ಬಿದ್ದೊಡನೆ ಕುಸಿಯುತ್ತದೆ. ಇದಕ್ಕೆ ಕಾರಣ ಹೆಚ್ಚಾಗಿ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರು. ಅದರೊಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಕೊಪ್ಪಳದ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ಇರುವಾಗ, ಗಾಳಿಯಾಡದ ಮೂಲೆಯ ಪೆಟ್ಟಿಗೆಯ ಪಾಡು ಹೇಳಬೇಕಿಲ್ಲ. ಬೋರ್ಡಿನ ಮೇಲೆ ತಲೆ ಉಬ್ಬಿದ ಕೆಪಾಸಿಟರು ಕಂಡರೆ ಟಿವಿ ರಿಪೇರಿ ಮಾಡುವವರೇ ಬದಲಿಸಿಕೊಟ್ಟಾರು. ಅಡಾಪ್ಟರು ಹೊಸದು ತರುವುದಾದರೆ ವೋಲ್ಟೇಜು ಅಷ್ಟೇ ಇರಬೇಕು, ಆಂಪಿಯರು ಹೆಚ್ಚಿದ್ದರೆ ತೊಂದರೆಯಿಲ್ಲ.

ಕೆಲವೊಮ್ಮೆ ರೋಗ ಚಿಪ್ಪಿನಲ್ಲೇ ಇರುತ್ತದೆ. ಇಂಟೆಲ್ ಕಂಪನಿಯ ಆಟಮ್ ಸಿ2000 ಸಾಲಿನ ಪ್ರೊಸೆಸರುಗಳಲ್ಲಿ ಗಡಿಯಾರದ ಸಂಕೇತ ಕೊಡುವ ಭಾಗ ವರ್ಷಗಳು ಕಳೆದಂತೆ ಸವೆದು ನಿಂತುಹೋಗಬಹುದು ಎಂಬುದು 2017ರಲ್ಲಿ ಬಯಲಾಯಿತು. ಈ ಸಂಕೇತವಿಲ್ಲದೆ ಯಂತ್ರ ಏಳುವುದೇ ಇಲ್ಲ. ಸಿನಾಲಜಿ ಕಂಪನಿಯ ಡಿಎಸ್1815+ನಂಥ ಜನಪ್ರಿಯ ನಾಸ್‌ಗಳಲ್ಲೂ ಇದೇ ಸಾಲಿನ ಪ್ರೊಸೆಸರು ಇತ್ತು. ಕಂಪನಿ ವಾರಂಟಿಯನ್ನು ವಿಸ್ತರಿಸಬೇಕಾಯಿತು. ಬೋರ್ಡಿಗೆ ಒಂದು ಪುಟಾಣಿ ರೆಸಿಸ್ಟರು ಬೆಸೆದು ಸತ್ತ ಪೆಟ್ಟಿಗೆಗಳನ್ನು ಎಬ್ಬಿಸಿದ ಹವ್ಯಾಸಿಗಳೂ ಇದ್ದಾರೆ. ಈ ರೋಗದಲ್ಲಿ ಡಿಸ್ಕಿಗೆ ಕಿಂಚಿತ್ತೂ ಏಟಿಲ್ಲ.

ಅಡಾಪ್ಟರು ಬದಲಿಸಿದರೂ ಪೆಟ್ಟಿಗೆ ಏಳಲಿಲ್ಲವೆಂದರೆ ಡಿಸ್ಕುಗಳನ್ನು ಹೊರತೆಗೆಯಬೇಕು. ತೆಗೆಯುವ ಮುಂಚೆ ಯಾವ ಖಾನೆಯದು ಯಾವುದೆಂದು ಮಾರ್ಕರಿನಲ್ಲಿ 1, 2, 3, 4 ಎಂದು ಬರೆದುಕೊಳ್ಳಿ. ಅನಾಹುತ ಹೊಂಚು ಹಾಕಿರುವುದು ಇಲ್ಲಿ. ಬಹುಪಾಲು ನಾಸ್‌ಗಳು ಲಿನಕ್ಸ್ ಬಳಸುತ್ತವೆ. ಆ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೆ ಅದಕ್ಕೆ ಏನೂ ಅರ್ಥವಾಗದೆ, ‘ಫಾರ್ಮ್ಯಾಟ್ ಮಾಡಲೇ?’ ಎಂದು ಸಭ್ಯವಾಗಿ ಕೇಳುತ್ತದೆ. ಹೂಂ ಅಂದಿರೋ, ಅರ್ಧ ಕೆಲಸ ಕೆಟ್ಟಿತು.

ನಾಲ್ಕು ಡಿಸ್ಕಿನಲ್ಲಿ ಫೋಟೊ ಹಂಚಿಹೋಗಿರುವ ಬಗೆಯನ್ನೂ ಸ್ವಲ್ಪ ನೋಡಬೇಕು. ರೇಡ್ ಎಂಬ ಈ ಉಪಾಯವನ್ನು ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ 1988ರ ಪ್ರಬಂಧದಲ್ಲಿ ವಿವರಿಸಿದರು. ಅದರ ಐದನೇ ಬಗೆಯಲ್ಲಿ ಮೂರು ಡಿಸ್ಕಿನ ತುಣುಕುಗಳಿಗೆ ನಾಲ್ಕನೆಯದರಲ್ಲಿ ಒಂದು ತಾಳೆಯ ಬಿಟ್ ಇರುತ್ತದೆ. ಸರದಿಯ ಪ್ರಕಾರ ಅದರ ಜಾಗ ಬದಲಾಗುತ್ತಿರುತ್ತದೆ. ನಿಯಮ ಸರಳ: ಸಾಲಿನಲ್ಲಿರುವ 1ಗಳ ಒಟ್ಟು ಸಂಖ್ಯೆ ಸಮವಾಗಿರಬೇಕು. ಮೂರರಲ್ಲಿ 1, 0, 1 ಇದ್ದರೆ ನಾಲ್ಕನೆಯದು 0. ಈಗ ಮೊದಲ ಡಿಸ್ಕ್ ಸತ್ತಿತು ಎನ್ನಿ. ಉಳಿದದ್ದು 0, 1, 0. ಸಮ ಸಂಖ್ಯೆಯಾಗಲು ಇನ್ನೊಂದು 1 ಬೇಕು, ಅಂದರೆ ಕಳೆದದ್ದು 1. ಹೀಗೆ ಒಂದು ಡಿಸ್ಕ್ ಹೋದರೂ ಲೆಕ್ಕ ಹಾಕಿಯೇ ಎಲ್ಲವನ್ನೂ ಮರಳಿ ಪಡೆಯಬಹುದು. ಎರಡು ಹೋದರೆ ಈ ಲೆಕ್ಕ ನಡೆಯುವುದಿಲ್ಲ. ಫೈಲನ್ನು ನೀವೇ ಅಳಿಸಿದರೆ ರೇಡ್ ಅದನ್ನೂ ನಿಷ್ಠೆಯಿಂದ ನಾಲ್ಕೂ ಡಿಸ್ಕಿನಲ್ಲಿ ಅಳಿಸುತ್ತದೆ. ರೇಡನ್ನೇ ಬ್ಯಾಕಪ್ ಎಂದು ನಂಬಿದವರು ಇದನ್ನು ಮರೆತಿರುತ್ತಾರೆ.

ಸಮಾಧಾನದ ಸಂಗತಿಯೂ ಉಂಟು. ಲಿನಕ್ಸ್ ರೇಡ್‌ನ ಪ್ರತಿ ಡಿಸ್ಕೂ ತನ್ನ ಗುರುತನ್ನು ತನ್ನಲ್ಲೇ ಬರೆದಿಟ್ಟುಕೊಂಡಿರುತ್ತದೆ: ತಾನು ಯಾವ ಗುಂಪಿನದು, ಗುಂಪಿನಲ್ಲಿ ಎಷ್ಟನೆಯದು, ಕೊನೆಯ ಬದಲಾವಣೆಯ ಸಂಖ್ಯೆ ಎಷ್ಟು ಎಂದೆಲ್ಲ. ಹಾಗಾಗಿ ಇವನ್ನು ಸಾಮಾನ್ಯ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ, ಎಂಡಿಅಡ್ಮ್ ಎಂಬ ಉಚಿತ ಸಾಧನದಿಂದ ಗುಂಪನ್ನು ಮತ್ತೆ ಕಟ್ಟಬಹುದು. ಒಂದರ ಸಂಖ್ಯೆ ಉಳಿದವಕ್ಕಿಂತ ತೀರ ಹಿಂದಿದ್ದರೆ ಅದು ತಿಂಗಳುಗಳ ಹಿಂದೆಯೇ ಗುಂಪಿನಿಂದ ಹೊರಬಿದ್ದಿರಬಹುದು, ಯಾರೂ ಗಮನಿಸಿಲ್ಲ ಅಷ್ಟೇ. ಅದನ್ನು ಬಲವಂತವಾಗಿ ಸೇರಿಸಿದರೆ ಹಳೆಯ ತುಣುಕು, ಹೊಸ ತುಣುಕು ಬೆರೆತು ಎಲ್ಲ ಕಲಸುಮೇಲೋಗರ.

ಡಿಸ್ಕೇ ಕೆಟ್ಟಿದ್ದರೆ? ಆಗ ಹೊಸ ಡಿಸ್ಕ್ ತುರುಕಿ ‘ರೀಬಿಲ್ಡ್’ ಒತ್ತುವುದು ಎಲ್ಲರಿಗೂ ಹೊಳೆಯುವ ದಾರಿ. ನನ್ನ ಮಟ್ಟಿಗೆ ಬ್ಯಾಕಪ್ ಇಲ್ಲದಿದ್ದಾಗ ಅದು ಜೂಜು. ಉಳಿದ ಮೂರೂ ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳು. ರೀಬಿಲ್ಡ್ ಎಂದರೆ ಅವುಗಳ 12 ಟಿಬಿಯನ್ನೂ ಮೊದಲಿನಿಂದ ಕೊನೆಯವರೆಗೆ ಎಡೆಬಿಡದೆ ಓದಿಸುವುದು. ಮನೆಬಳಕೆಯ ಎಷ್ಟೋ ಡಿಸ್ಕುಗಳ ವಿವರಪಟ್ಟಿಯಲ್ಲಿ ಸುಮಾರು 12.5 ಟಿಬಿ ಓದಿದಾಗ ಒಂದು ಓದಲಾಗದ ತಪ್ಪು ಬರಬಹುದು ಎಂಬ ಮಿತಿ ಬರೆದಿರುತ್ತದೆ. ವಾಸ್ತವದಲ್ಲಿ ಅವು ಇದಕ್ಕಿಂತ ವಾಸಿ. ಆದರೂ ಮುದಿ ಡಿಸ್ಕಿನ ಮೇಲೆ ಪಣ ಕಟ್ಟುವುದು ಬೇಡ.

ಬಲ್ಲವರು ಮೊದಲು ಪ್ರತಿ ಡಿಸ್ಕಿನ ನಕಲು ತೆಗೆಯುತ್ತಾರೆ. ಗ್ನು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ತಕರಾರು ಮಾಡುವ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿ, ಕೊನೆಗೆ ಅಲ್ಲಿಗೆ ಮರಳುತ್ತದೆ. ನಡುವೆ ಕರೆಂಟು ಹೋದರೂ ನಕ್ಷೆ ನೋಡಿ ನಿಂತಲ್ಲಿಂದ ಮುಂದುವರಿಯುತ್ತದೆ. ಗುಂಪು ಕಟ್ಟುವ ಪ್ರಯೋಗವೆಲ್ಲ ನಕಲಿನ ಮೇಲೆ, ಅದೂ ಓದಲು ಮಾತ್ರ ಬರುವಂತೆ. ಮೂಲ ಡಿಸ್ಕುಗಳು ಬೀರುವಿನಲ್ಲಿರಲಿ.

ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ತಕ್ಷಣ ಆರಿಸಿ. ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಕೂದಲ ದಪ್ಪ ಅದರ ಸಾವಿರಾರು ಪಟ್ಟು. ಅಂಗಡಿಯ ಮೇಜಿನ ಮೇಲೆ ಮುಚ್ಚಳ ಬಿಚ್ಚಿದರೆ ಒಂದು ಧೂಳಿನ ಕಣ ಸಾಕು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಡಿ, ಒಳಗೆ ನೀರಹನಿ ಕಟ್ಟುತ್ತದೆ. ಡಿಸ್ಕಿನಡಿಯ ಹಸಿರು ಬೋರ್ಡನ್ನು ಅದೇ ಮಾಡೆಲಿನ ಇನ್ನೊಂದರಿಂದ ಬದಲಿಸುವುದು ಹಿಂದೆ ನಡೆಯುತ್ತಿತ್ತು. ಈಗ ಆ ಡಿಸ್ಕಿಗೇ ಹೊಂದಿಸಿದ ಮಾಹಿತಿ ಬೋರ್ಡಿನ ಒಂದು ಚಿಪ್ಪಿನಲ್ಲಿರುವುದರಿಂದ ಆ ಚಿಪ್ಪನ್ನೂ ಕಿತ್ತು ಹೊಸ ಬೋರ್ಡಿಗೆ ಬೆಸೆಯಬೇಕು. ಇವೆಲ್ಲ ಧೂಳಿಲ್ಲದ ಕೋಣೆಯುಳ್ಳ ಲ್ಯಾಬಿನವರ ಕೆಲಸ, ಖರ್ಚು ಕೂಡ ಸಣ್ಣದಲ್ಲ.

ಅಲ್ಲಿಗೆ ಕಳಿಸುವಾಗ ಜೊತೆಗೆ ಒಂದು ಚೀಟಿ ಇಡಿ: ಯಾವ ಫೋಲ್ಡರು ಮೊದಲು ಬೇಕು ಎಂದು. ಸೋತ ಹೆಡ್ ಯಾವಾಗ ಪೂರ್ತಿ ಕೈಕೊಡುವುದೋ ತಿಳಿಯದು, ಅದಕ್ಕೇ ಲ್ಯಾಬಿನವರು ಬೇಕಾದ ಭಾಗವನ್ನೇ ಮೊದಲು ಓದಿಸುತ್ತಾರೆ. ಆಲ್ಬಮ್ ಈಗಾಗಲೇ ಕೊಟ್ಟಾಗಿರುವ ಮದುವೆಗಳು ಕಾಯಲಿ. ಅಡ್ವಾನ್ಸ್ ಇಸಿದುಕೊಂಡು ಇನ್ನೂ ಆಲ್ಬಮ್ ಕೊಡದವರ ಹೆಸರು ಚೀಟಿಯ ಮೇಲ್ಗಡೆ ಇರಲಿ.